ಮಳೆ ಗೊತ್ತಿರುವವರು ನಾರ್ವೆಯ ಮರದ ಚರ್ಚ್ ನೋಡುವ ಬಗೆ

ಬದಿಯಡ್ಕ, ಕುಂಬಳೆ, ಮಂಜೇಶ್ವರ ಕಡೆಯ ಎಷ್ಟೋ ಮನೆಗಳ ಮಕ್ಕಳು ಈಗ ಸ್ವೀಡನ್, ಡೆನ್ಮಾರ್ಕ್, ನಾರ್ವೆಯಲ್ಲಿ ಕೆಲಸದಲ್ಲಿದ್ದಾರೆ. ಅಪ್ಪ ಅಮ್ಮ ಅಲ್ಲಿಯ ಬೇಸಿಗೆಯಲ್ಲಿ ಎರಡು ಮೂರು ತಿಂಗಳು ಹೋಗಿ ಇದ್ದು ಬರುತ್ತಾರೆ. ರಜೆಯ ದಿನ ಮಕ್ಕಳು ಕಾರಿನಲ್ಲಿ ಕರೆದುಕೊಂಡು ಹೋಗಿ ಒಂದು ಹಳೇ ಚರ್ಚಿನ ಎದುರು ಇಳಿಸುತ್ತಾರೆ. ಒಳಗೆ ಹತ್ತು ನಿಮಿಷ ನಿಲ್ಲುತ್ತೇವೆ, ಫೋಟೋ ತೆಗೆಯುತ್ತೇವೆ, ಹೊರಗೆ ಬರುತ್ತೇವೆ. ಏನು ನೋಡಬೇಕು ಅಂತ ಗೊತ್ತಾಗುವುದಿಲ್ಲ, ಅಲ್ವಾ? ಮೊದಲ ಸಲ ನಾರ್ವೆಯ ಉರ್ನೆಸ್ ಊರಿನ ಮರದ ಚರ್ಚಿಗೆ ಹೋದಾಗ ನಾನೂ ಹಾಗೆಯೇ ಒಳಗೆ ಹೊಕ್ಕು ಹೊರಟು ಬಂದೆ. ಉತ್ತರದ ಗೋಡೆಯ ಕಡೆಗೆ ಹೋಗಲೇ ಇಲ್ಲ. ರಾತ್ರಿ ಮಗಳು ಫೋನಿನಲ್ಲಿ ಆ ಗೋಡೆಯ ಚಿತ್ರ ತೋರಿಸಿದಾಗ ಆದ ಬೇಸರ ಇನ್ನೂ ಹೋಗಿಲ್ಲ. ಎರಡು ವರ್ಷ ಬಿಟ್ಟು ಮತ್ತೆ ಹೋಗಿ ನೋಡಿದೆ. ನಿಮಗೆ ಹಾಗಾಗಬಾರದು ಅಂತ ಇದನ್ನು ಬರೆಯುತ್ತಿದ್ದೇನೆ.

ಸಂತರ ಹೆಸರು, ಶೈಲಿಯ ಹೆಸರು ಎಲ್ಲ ಆಮೇಲೆ ಕಲಿಯಬಹುದು. ಮೊದಲು ಒಂದೇ ಪ್ರಶ್ನೆ ಇಟ್ಟುಕೊಳ್ಳಿ: ಇಲ್ಲಿ ನೀರು ಎಲ್ಲಿಂದ ಬರುತ್ತದೆ, ಇವರು ಅದನ್ನು ಹೇಗೆ ತಡೆದಿದ್ದಾರೆ? ಆಟಿ ತಿಂಗಳ ಮಳೆ ನೋಡಿದವರಿಗೆ ಈ ಪ್ರಶ್ನೆ ಯಾರೂ ಹೇಳಿಕೊಡಬೇಕಾಗಿಲ್ಲ.

ಮರದ ಚರ್ಚಾದರೆ ಬುಡದಿಂದ ಶುರು ಮಾಡಿ. ಬಗ್ಗಿ ನೋಡಿ. ಇವಕ್ಕೆ ಸ್ಟಾವ್ ಚರ್ಚ್ ಅಂತ ಹೆಸರು, ಸ್ಟಾವ್ ಅಂದರೆ ನೆಟ್ಟಗೆ ನಿಂತ ಕಂಬ. ಇವಕ್ಕಿಂತ ಹಿಂದಿನ ಕಾಲದಲ್ಲಿ ಕಂಬವನ್ನು ನೇರ ಮಣ್ಣಿನಲ್ಲಿ ಹೂಳುತ್ತಿದ್ದರು. ಬುಡ ಕೊಳೆತು ಹೋಗುತ್ತಿತ್ತು, ಹಾಗಾಗಿ ಅಂಥ ಕಟ್ಟಡ ಒಂದೂ ಉಳಿದಿಲ್ಲ. ಆಮೇಲಿನವರು ನೆಲದ ಮೇಲೆ ಕಲ್ಲು ಇಟ್ಟು, ಕಲ್ಲಿನ ಮೇಲೆ ದಪ್ಪ ತೊಲೆ ಅಡ್ಡ ಮಲಗಿಸಿ, ಆ ತೊಲೆಯ ಮೇಲೆ ಕಂಬ ನಿಲ್ಲಿಸಿದರು. ಗೋಡೆಯ ಹಲಗೆಗಳನ್ನೂ ಉದ್ದಕ್ಕೆ ನಿಲ್ಲಿಸಿ ಆ ತೊಲೆಯಲ್ಲಿ ಉದ್ದಕ್ಕೆ ಕೊರೆದ ತೋಡಿಗೆ ಕೂರಿಸಿದರು. ಮಣ್ಣಿಗೂ ಮರಕ್ಕೂ ಸಂಬಂಧವೇ ಇಲ್ಲ. ನಮ್ಮ ಹಳೇ ಮನೆಯ ಚಾವಡಿಯ ಮರದ ಕಂಬದ ಕೆಳಗೆ ಕಲ್ಲಿನ ಪೀಠ ಇರುತ್ತದಲ್ಲ, ಅದೇ ಬುದ್ಧಿ. ಆ ಒಂದು ಬದಲಾವಣೆಯಿಂದ ಎಂಟು ನೂರು, ಒಂಬತ್ತು ನೂರು ವರ್ಷದ ಮರ ಇವತ್ತೂ ನಿಂತಿದೆ.

ಆಮೇಲೆ ಮೂಗಿಗೆ ಕೆಲಸ ಕೊಡಿ. ಬಿಸಿಲಿರುವ ದಿನ ಗೋಡೆಯ ಹತ್ತಿರ ನಿಂತರೆ ಹೊಗೆಯ ಹಾಗಿನ ಒಂದು ವಾಸನೆ ಬರುತ್ತದೆ. ಅದು ಪೈನ್ ಮರದ ಟಾರ್. ಅಂಟು ಜಾಸ್ತಿ ಇರುವ ಪೈನ್ ಬೊಡ್ಡೆಗಳನ್ನು ಒಟ್ಟಿ, ಗಾಳಿ ಹೋಗದ ಹಾಗೆ ಮುಚ್ಚಿ, ನಿಧಾನಕ್ಕೆ ಸುಟ್ಟು ಇಳಿಸುವ ಕಪ್ಪು ಎಣ್ಣೆ. ನನಗೆ ತಕ್ಷಣ ನೆನಪಾದದ್ದು ಗೇರೆಣ್ಣೆ. ಅಜ್ಜ ಗೆದ್ದಲು ಹಿಡಿಯದಿರಲಿ ಅಂತ ಪಕ್ಕಾಸು, ರೀಪಿಗೆಲ್ಲ ಗೇರೆಣ್ಣೆ ಬಳಿಸುತ್ತಿದ್ದರು, ಕೈಗೆ ತಾಗಿದರೆ ಸುಟ್ಟು ಸಿಪ್ಪೆ ಏಳುತ್ತಿತ್ತು, ವಾಸನೆ ವಾರಗಟ್ಟಲೆ ಮನೆ ತುಂಬ ಇರುತ್ತಿತ್ತು. ಟಾರ್ ಅನ್ನು ಒಂದು ಸಲ ಬಳಿದು ಬಿಟ್ಟರೆ ಆಗುವುದಿಲ್ಲ, ಬಿಸಿಲು ಮಳೆಗೆ ಅದು ಹೋಗುತ್ತಾ ಇರುತ್ತದೆ, ಮತ್ತೆ ಮತ್ತೆ ಬಳಿಯಬೇಕು. ಈ ಕಟ್ಟಡಗಳು ತಮ್ಮಷ್ಟಕ್ಕೆ ಉಳಿದದ್ದಲ್ಲ, ತಲೆಮಾರಿನಿಂದ ತಲೆಮಾರಿಗೆ ಯಾರೋ ಏಣಿ ಹತ್ತಿದ್ದಾರೆ. ಗೋಡೆಯನ್ನು ಮುಟ್ಟಬೇಡಿ. ಮರಕ್ಕೂ ಒಳ್ಳೆಯದಲ್ಲ, ನಿಮ್ಮ ಬಟ್ಟೆಗೂ ಒಳ್ಳೆಯದಲ್ಲ.

ಈಗ ಹಿಂದೆ ಸರಿದು ಮಾಡು ನೋಡಿ. ಇದಕ್ಕೆ ಬೋರ್ಗುಂಡ್ ಚರ್ಚಿಗಿಂತ ಒಳ್ಳೆಯ ಜಾಗ ಇಲ್ಲ. ಅದರ ಮರ ಕಡಿದದ್ದು 1180ರ ಆಸುಪಾಸಿನಲ್ಲಿ ಅಂತ ಮರದ ಉಂಗುರ ಎಣಿಸಿ ಕಂಡುಹಿಡಿದಿದ್ದಾರೆ. ಒಂದರ ಮೇಲೊಂದು ಕಡಿದಾದ ಮಾಡು, ಮೀನಿನ ಹುರುಪೆಯ ಹಾಗೆ ಜೋಡಿಸಿದ ಮರದ ಬಿಲ್ಲೆಗಳು. ಮಧೂರು ದೇವಸ್ಥಾನದ ಗರ್ಭಗುಡಿಯ ಮಾಡನ್ನು ಒಮ್ಮೆ ಕಣ್ಣೆದುರು ತಂದುಕೊಳ್ಳಿ. ಮೇಲಿನ ಮಾಡಿನ ನೀರು ಕೆಳಗಿನ ಮಾಡಿಗೆ, ಅಲ್ಲಿಂದ ಗೋಡೆಗೆ ತಾಗದೆ ಅಂಗಳಕ್ಕೆ. ಅಲ್ಲಿ ಹಿಮ, ಇಲ್ಲಿ ಮಳೆ, ಲೆಕ್ಕ ಒಂದೇ. ಚರ್ಚಿನ ಸುತ್ತ ಒಂದು ಇಳಿಮಾಡಿನ ಜಗಲಿಯೂ ಇದೆ, ನಮ್ಮ ಸುತ್ತುಪೌಳಿಯನ್ನು ಗರ್ಭಗುಡಿಗೆ ಅಂಟಿಸಿ ಕಟ್ಟಿದ ಹಾಗೆ. ಒಳಗಿನ ಗೋಡೆ ಒಣಗಿ ಉಳಿಯಲಿಕ್ಕೆ ಅದೂ ಕಾರಣ. ಮಾಡಿನ ತುದಿಯಲ್ಲಿ ಬಾಯಿ ತೆರೆದ ಡ್ರ್ಯಾಗನ್ ತಲೆಗಳಿವೆ. ಕೆಟ್ಟದ್ದನ್ನು ಓಡಿಸಲಿಕ್ಕೆ ಅಂತ ಹೇಳುವುದುಂಟು. ನಮ್ಮ ಬಾಗಿಲ ಮೇಲಿನ ಕೀರ್ತಿಮುಖ ನೋಡಿ ಬೆಳೆದವರಿಗೆ ಅದು ಅಪರಿಚಿತ ಅನ್ನಿಸುವುದಿಲ್ಲ.

ಉರ್ನೆಸ್‌ಗೆ ಬರೋಣ. ಅಲ್ಲಿ ಮೊದಲು ಉತ್ತರ ಗೋಡೆಯ ಹೊರಬದಿಗೆ ಹೋಗಿ. ದಿಕ್ಕು ಗೊತ್ತಾಗದಿದ್ದರೆ ಒಂದು ಉಪಾಯ: ಹಳೇ ಚರ್ಚುಗಳಲ್ಲಿ ಬಲಿಪೀಠ ಪೂರ್ವದ ಕೊನೆಯಲ್ಲಿರುತ್ತದೆ, ಮುಖ್ಯ ಬಾಗಿಲು ಸಾಮಾನ್ಯವಾಗಿ ಪಶ್ಚಿಮಕ್ಕೆ. ಬಲಿಪೀಠಕ್ಕೆ ಮುಖ ಮಾಡಿ ನಿಂತರೆ ನಿಮ್ಮ ಎಡಗೈ ಬದಿ ಉತ್ತರ. ಚರ್ಚ್ ಕಟ್ಟಿದ್ದು 1130ರ ಸುಮಾರಿಗೆ. ಆದರೆ ಉತ್ತರ ಗೋಡೆಯ ಕೆತ್ತನೆ ಅದಕ್ಕಿಂತ ಹಳೆಯದು, ಸುಮಾರು 1070ರದ್ದು. ಅದೇ ಜಾಗದ ಹಿಂದಿನ ಚರ್ಚಿನ ಹಲಗೆಗಳನ್ನು ಬಿಸಾಡಲು ಮನಸ್ಸು ಬಾರದೆ ಹೊಸದಕ್ಕೆ ಕೂರಿಸಿದ್ದಾರೆ.

ಉತ್ತರ ಗೋಡೆಯಲ್ಲಿರುವ ಆ ಹಳೇ ಕೆತ್ತನೆಯ ಬಾಗಿಲಿನ ಎದುರು ಹದಿನೈದು ನಿಮಿಷವಾದರೂ ನಿಲ್ಲಿ. ಮೊದಲು ಎಲ್ಲ ಬರೀ ಬಳ್ಳಿಗಳ ಗೋಜಲು ಅನ್ನಿಸುತ್ತದೆ. ಆಗ ಒಂದೇ ಒಂದು ಗೆರೆ ಹಿಡಿದು, ಗಾಳಿಯಲ್ಲಿ ಬೆರಳು ಆಡಿಸುತ್ತಾ ಅದರ ಹಿಂದೆ ಹೋಗಿ. ದಪ್ಪ ಗೆರೆ ತೆಳುವಾಗುತ್ತದೆ, ಇನ್ನೊಂದರ ಕೆಳಗೆ ನುಸುಳುತ್ತದೆ, ಮೇಲೆ ಬರುತ್ತದೆ, ಕೊನೆಗೆ ಒಂದು ತಲೆ ಸಿಗುತ್ತದೆ, ಬಾದಾಮಿ ಆಕಾರದ ಕಣ್ಣಿರುವ ತಲೆ. ಆಗ ಗೊತ್ತಾಗುತ್ತದೆ ಅದು ಬಳ್ಳಿಯಲ್ಲ, ಹಾವು ಅಂತ. ಬಾಗಿಲಿನ ಎಡಕ್ಕೆ ಸಿಂಹದ ಹಾಗಿನ ನಾಲ್ಕು ಕಾಲಿನ ಒಂದು ಪ್ರಾಣಿ ಹಾವನ್ನು ಕಚ್ಚಿದೆ, ಹಾವು ಅದನ್ನು ಕಚ್ಚಿದೆ. ನಾಗಬನದಲ್ಲಿ ಹೆಣೆದುಕೊಂಡ ಜೋಡಿ ಹಾವಿನ ಕಲ್ಲು ನೋಡಿ ಅಭ್ಯಾಸ ಇರುವ ಕಣ್ಣಿಗೆ ಇದು ಬೇಗ ದಕ್ಕುತ್ತದೆ. ಅರ್ಥ ಮಾತ್ರ ಒಂದೇ ಅಂದುಕೊಳ್ಳಬೇಡಿ. ಅದು ಕ್ರಿಸ್ತ ಕೆಡುಕಿನ ಜೊತೆ ಹೋರಾಡುವುದು ಅಂತ ಕೆಲವರು, ಕ್ರಿಸ್ತ ಧರ್ಮಕ್ಕೂ ಹಿಂದಿನ ಪ್ರಳಯದ ಕಥೆ ಅಂತ ಕೆಲವರು ಹೇಳುತ್ತಾರೆ, ಜಗಳ ಮುಗಿದಿಲ್ಲ. ಈ ಕೆತ್ತನೆಯಿಂದಲೇ ವೈಕಿಂಗ್ ಕಾಲದ ಕೊನೆಯ ಶೈಲಿಗೆ ಉರ್ನೆಸ್ ಶೈಲಿ ಅಂತ ಹೆಸರು ಬಂತು. 1979ರಲ್ಲಿ ಚರ್ಚ್ ಯುನೆಸ್ಕೋ ಪಟ್ಟಿಗೆ ಸೇರಿತು.

ಒಳಗೆ ಹೋದ ಕೂಡಲೇ ಫೋನ್ ತೆಗೆಯಬೇಡಿ. ಕತ್ತಲೆ ಇರುತ್ತದೆ, ಕಣ್ಣು ಹೊಂದಿಕೊಳ್ಳಲು ಐದು ನಿಮಿಷ ಬೇಕು. ಆಮೇಲೆ ತಲೆ ಎತ್ತಿ. ಉರ್ನೆಸ್‌ನ ಆಚಾರಿಗಳು ಕಲ್ಲಿನ ಚರ್ಚಿನ ದುಂಡು ಕಂಬ, ಅರ್ಧ ಚಂದ್ರದ ಕಮಾನು, ಕಂಬದ ತಲೆಯ ಚೌಕ ಬೋದಿಗೆ ಎಲ್ಲವನ್ನೂ ಮರದಲ್ಲಿ ಮಾಡಿದ್ದಾರೆ. ನಮ್ಮಲ್ಲಿ ಉಲ್ಟಾ, ಮೂಡುಬಿದಿರೆಯ ಬಸದಿಗಳಲ್ಲಿ ಮರದ ಇಳಿಜಾರು ಮಾಡನ್ನು ಕಲ್ಲಿನಲ್ಲಿ ಮಾಡಿದ್ದಾರೆ. ಇದನ್ನು ಯೋಚಿಸುತ್ತಾ ನಾನು ಒಂದು ಬೆಂಚಿನಲ್ಲಿ ಬಹಳ ಹೊತ್ತು ಕೂತಿದ್ದೆ.

ನಾರ್ವೆಯಲ್ಲಿ ಇಂಥ ಮರದ ಚರ್ಚುಗಳು ಸಾವಿರದಷ್ಟು ಇದ್ದವು ಅಂತ ಅಂದಾಜು. ಈಗ ಉಳಿದದ್ದು 28. ಎಲ್ಲವೂ ಬೆಂಕಿಗೆ ಹೋದದ್ದಲ್ಲ. ಊರಿನ ಹತ್ತರಲ್ಲಿ ಮೂರು ಪಾಲು ಜನಕ್ಕೆ ಚರ್ಚಿನಲ್ಲಿ ಜಾಗ ಇರಬೇಕು ಅಂತ 1851ರಲ್ಲಿ ಕಾನೂನು ಬಂತು, ಸಣ್ಣದು ಅಂತ ಎಷ್ಟನ್ನೋ ಕಿತ್ತು ಹಾಕಿದರು. ನಮ್ಮ ಕಡೆಯ ಒಂದು ಹಳೇ ದೈವಸ್ಥಾನದಲ್ಲಿ ಜೀರ್ಣೋದ್ಧಾರ ಅಂತ ಹಲಸಿನ ಮರದ ಕೆತ್ತನೆಗೆ ಹೊಳೆಯುವ ಪೇಂಟ್ ಬಳಿದಾಗ ನನಗೆ ಹೊಟ್ಟೆ ಉರಿದಿತ್ತು. ಹಲಗೆಯ ನಾರು, ಉಳಿಯ ಗುರುತು ಎಲ್ಲ ಮುಚ್ಚಿ ಹೋಯಿತು. ಹಾಗಾಗಿ ಆ 28ರ ಸಂಖ್ಯೆ ನನಗೆ ಬರೀ ಸಂಖ್ಯೆಯಾಗಿ ಕಾಣುವುದಿಲ್ಲ.

ಡೆನ್ಮಾರ್ಕ್, ಸ್ವೀಡನ್‌ನಲ್ಲಿದ್ದರೆ ಮರ ಬಿಟ್ಟು ಸುಣ್ಣ ನೋಡಿ. ಡೆನ್ಮಾರ್ಕಿನ ಮೋನ್ ದ್ವೀಪದಲ್ಲಿ ಎಲ್ಮೆಲುಂಡೆ, ಫಾನೆಫ್ಯೋರ್ಡ್, ಕೆಲ್ಬಿ ಅಂತ ಮೂರು ಹಳ್ಳಿ ಚರ್ಚುಗಳಿವೆ. ಚಾವಣಿಯ ಕಮಾನು ತುಂಬ ಚಿತ್ರ, ಮೂರರಲ್ಲೂ ಒಬ್ಬನೇ ಚಿತ್ರಗಾರನ ಕೈ. ಅವನ ನಿಜವಾದ ಹೆಸರು ಉಳಿದಿಲ್ಲ, ಎಲ್ಮೆಲುಂಡೆಯ ಮೇಸ್ತ್ರಿ ಅಂತ ಕರೆಯುತ್ತಾರೆ. ಅರೆ ಮುಚ್ಚಿದ ಕಣ್ಣಿನ ಶಾಂತ ಮುಖಗಳು, ನಡುನಡುವೆ ಬಳ್ಳಿ ಹೂ. ಅಲ್ಲಿ 1536ರಲ್ಲಿ ಧರ್ಮಸುಧಾರಣೆ ಆಗಿ ದೇಶ ಕ್ಯಾಥೊಲಿಕ್ ಬಿಟ್ಟು ಪ್ರೊಟೆಸ್ಟೆಂಟ್ ಆದ ಮೇಲೆ ಇಂಥ ಎಷ್ಟೋ ಚಿತ್ರಗಳು ಕಾಲಕ್ರಮೇಣ ಸುಣ್ಣದ ಅಡಿಗೆ ಹೋದವು. ಅದೇ ಸುಣ್ಣ ಅವನ್ನು ಬೆಳಕಿನಿಂದ, ಹೊಗೆಯಿಂದ ಕಾಪಾಡಿತು. ಈಗ ಪದರ ಪದರವಾಗಿ ಕೆರೆದು ತೆಗೆದಿದ್ದಾರೆ.

ಸ್ವೀಡನ್‌ನಲ್ಲಿ ಆಲ್ಬರ್ಟುಸ್ ಪಿಕ್ಟೋರ್ ಚಿತ್ರ ಬರೆದ ಹರ್ಕೆಬೆರ್ಗಾ, ಟೇಬಿ ಚರ್ಚುಗಳನ್ನು ತಪ್ಪಿಸಬೇಡಿ. ಟೇಬಿಯಲ್ಲಿ ಒಬ್ಬ ಮನುಷ್ಯ ಸಾವಿನ ಜೊತೆ ಚೆಸ್ ಆಡುತ್ತಿದ್ದಾನೆ. ಅಲ್ಲಿ ಕೆಲವು ಮುಖಗಳು ಕಪ್ಪಾಗಿರುವುದನ್ನು ನೋಡಿ ಗೊಂದಲ ಆಗಬಹುದು. ಬರೆಯುವಾಗ ಅವು ಕಪ್ಪಾಗಿರಲಿಲ್ಲ. ಸೀಸ ಬೆರೆತ ಬಣ್ಣ ಕಾಲ ಹೋದ ಹಾಗೆ ಕಪ್ಪಾಗುತ್ತದೆ. ಅಂಥ ಕಡೆ ಮನಸ್ಸಿನಲ್ಲೇ ತಿಳಿ ಬಣ್ಣ ತುಂಬಿಕೊಂಡು ನೋಡಿ.

ಸಮಯ ಇದ್ದರೆ ಗಾಟ್‌ಲ್ಯಾಂಡ್ ದ್ವೀಪಕ್ಕೆ ಹೋಗಿ, ಒಂದೇ ದ್ವೀಪದಲ್ಲಿ ಮಧ್ಯಯುಗದ 92 ಕಲ್ಲಿನ ಚರ್ಚುಗಳು ಇನ್ನೂ ಬಳಕೆಯಲ್ಲಿವೆ. ಡೆನ್ಮಾರ್ಕಿನ ಬೋರ್ನ್‌ಹೋಮ್ ದ್ವೀಪದಲ್ಲಿ ನಾಲ್ಕು ದುಂಡು ಚರ್ಚುಗಳಿವೆ. ನಾರ್ವೆಯ ಟ್ರೋಂಡ್‌ಹೈಮ್ ಊರಿನ ನಿದರೋಸ್ ಚರ್ಚ್ ಕಟ್ಟಿದ್ದು ಬಹುಪಾಲು ಬಳಪದ ಕಲ್ಲಿನಲ್ಲಿ, ಬೇಲೂರು ಹಳೇಬೀಡಿನ ಜಾತಿಯ ಕಲ್ಲು. ಆದರೆ ಅಲ್ಲಿ ಬಹಳಷ್ಟು 1869ರ ನಂತರ ಹೊಸದಾಗಿ ಕೆತ್ತಿದ್ದು, ಹಳೆಯದು ಯಾವುದು ಅಂತ ಕೇಳಿಕೊಂಡು ನೋಡಿ.

ಹೊರಡುವ ಮೊದಲು ಕೆಲವು ಮಾತು. ಮರದ ಚರ್ಚುಗಳು ಸಾಮಾನ್ಯವಾಗಿ ಬೇಸಿಗೆಯಲ್ಲಿ ಮಾತ್ರ ತೆರೆದಿರುತ್ತವೆ. ಮದುವೆ, ಪೂಜೆ ಇದ್ದರೆ ಒಳಗೆ ಬಿಡುವುದಿಲ್ಲ, ಮೊದಲೇ ವಿಚಾರಿಸಿ. ಫ್ಲ್ಯಾಶ್ ಬೇಡ. ಉರ್ನೆಸ್‌ಗೆ ಸೋಲ್‌ವೋರ್ನ್‌ನಿಂದ ಫೆರಿ ಹತ್ತಿ ಫ್ಯೋರ್ಡ್ (ಬೆಟ್ಟಗಳ ನಡುವೆ ಒಳಕ್ಕೆ ಚಾಚಿದ ಸಮುದ್ರ) ದಾಟಿ, ಆಮೇಲೆ ಏರು ದಾರಿ ನಡೆಯಬೇಕು. ಮೊಣಕಾಲು ನೋವಿದ್ದರೆ ವಾಪಸ್ ಫೆರಿಯ ಹೊತ್ತು ನೋಡಿಕೊಂಡು ನಿಧಾನಕ್ಕೆ ಹತ್ತಿ. ಹೋಗಲು ಆಗದವರು ಊರಿನಲ್ಲೇ ಕೂತು ಫೋನಿನಲ್ಲಿ ಉತ್ತರ ಗೋಡೆಯ ದೊಡ್ಡ ಫೋಟೋ ತೆರೆದು, ಹಿಗ್ಗಿಸಿ, ಒಂದು ಹಾವಿನ ಬಾಲ ಹಿಡಿದು ತಲೆ ಸಿಗುವವರೆಗೆ ಬೆರಳು ಸರಿಸುತ್ತಾ ಹೋಗಬಹುದು.