ಮನೆಮಂದಿ ಜೊತೆ ಕೊಲೊರಾಡೋದಲ್ಲಿ ಎಲ್ಕ್ ಬೇಟೆ: ತಯಾರಿ ಹೀಗಿರಲಿ

ಎಲ್ಕ್ (ಅಮೆರಿಕದ ಒಂದು ದೊಡ್ಡ ಜಿಂಕೆ) ಬೇಟೆ ಅಂದ ಕೂಡಲೇ ಎಲ್ಲರೂ ಕೋವಿಯ ಮಾತು ತೆಗೆಯುತ್ತಾರೆ. ನಾನು ಮೊದಲು ನೋಡುವುದು ಮೊಣಕಾಲು. ಮನೆಯಲ್ಲಿ ಎಲ್ಲರಿಗಿಂತ ನಿಧಾನವಾಗಿ ಗುಡ್ಡ ಹತ್ತುವವರು ಯಾರೋ, ಅವರ ನಡಿಗೆಗೆ ತಕ್ಕ ಹಾಗೆ ಉಳಿದದ್ದೆಲ್ಲ ಗೊತ್ತು ಮಾಡಬೇಕು. ನಮ್ಮ ತಂಡದಲ್ಲಿ ವಿರಾಜಪೇಟೆಯಿಂದ ಬಂದ ಅಪ್ಪ, 13 ವರ್ಷದ ಮಗಳು, ಮತ್ತು ಧಾರವಾಡದ ನನ್ನ ಗಂಡ. ಗಂಡ ಮೊಟ್ಟೆ ಕೂಡ ತಿನ್ನುವವರಲ್ಲ, ದುರ್ಬೀನು ಹಿಡಿದು ಬರುತ್ತೇನೆ ಅಂದರು. ಇಂಥ ತಂಡಕ್ಕೆ 10,000 ಅಡಿ ಎತ್ತರದ ಕಾಡಿನಲ್ಲಿ ಡೇರೆ ಹಾಕಿ, ಕುದುರೆ ಮೇಲೆ ಹೋಗಿ, ದೊಡ್ಡ ಕೊಂಬಿನ ಗಂಡು ಎಲ್ಕ್ ಹುಡುಕುವ ಪ್ಯಾಕೇಜ್ ಬೇಡವೇ ಬೇಡ. ಖಾಸಗಿ ರಾಂಚ್‌ನಲ್ಲಿ, ಅಂದರೆ ದನ ಮೇಯಿಸುವ ದೊಡ್ಡ ಜಮೀನಿನಲ್ಲಿ, ಹೆಣ್ಣು ಎಲ್ಕ್ ಬೇಟೆ ಸಾಕು. ಖರ್ಚು ಕಡಿಮೆ, ನಡಿಗೆ ಕಡಿಮೆ, ರಾತ್ರಿ ಮಲಗಲು ಗಟ್ಟಿ ಸೂರು ಇರುತ್ತದೆ. ಮಾಂಸವೂ ಮೆತ್ತಗೆ. ಕೊಂಬು ಬೇಯಿಸಿ ತಿನ್ನಲು ಆಗುವುದಿಲ್ಲ, ಅಲ್ವಾ?

ಕೊಲೊರಾಡೋದಲ್ಲಿ ಎರಡೂವರೆ ಲಕ್ಷಕ್ಕೂ ಜಾಸ್ತಿ ಎಲ್ಕ್ ಇವೆ. ಅಮೆರಿಕದ ಬೇರೆ ಯಾವ ರಾಜ್ಯದಲ್ಲೂ ಇಷ್ಟಿಲ್ಲ. ಆದರೂ ಇಲ್ಲಿ ಬೇಟೆಗೆ ಹೋದವರಲ್ಲಿ ಸುಮಾರು ಐದರಲ್ಲಿ ಒಬ್ಬರಿಗೆ ಮಾತ್ರ ಎಲ್ಕ್ ಸಿಗುತ್ತದೆ. ಗೈಡ್ ಇದ್ದರೆ, ಅದರಲ್ಲೂ ಖಾಸಗಿ ಜಮೀನಿನಲ್ಲಿ, ಅವಕಾಶ ಹೆಚ್ಚು. ಗ್ಯಾರಂಟಿ ಅಂತ ಯಾರಾದರೂ ಹೇಳಿದರೆ ಅಲ್ಲಿಂದ ಎದ್ದು ಬನ್ನಿ.

ಕೆಲಸ ಜನವರಿಯಲ್ಲೇ ಶುರುವಾಗಬೇಕು. ರೈಫಲ್ ಬೇಟೆ ನಡೆಯುವುದು ಅಕ್ಟೋಬರ್, ನವೆಂಬರಿನಲ್ಲಿ. ಆದರೆ ಲೈಸೆನ್ಸ್‌ನ ಮುಖ್ಯ ಡ್ರಾಗೆ (ಲಾಟರಿಯಂತೆ ಹೆಸರು ಎತ್ತುವುದು) ಅರ್ಜಿ ಹಾಕುವ ಗಡುವು ಏಪ್ರಿಲ್ ಮೊದಲ ವಾರಕ್ಕೇ ಮುಗಿಯುತ್ತದೆ. 1949ರ ಜನವರಿ 1ರಂದು ಅಥವಾ ಆಮೇಲೆ ಹುಟ್ಟಿದವರು ಬೇಟೆ ಸುರಕ್ಷತೆಯ ಕೋರ್ಸ್ ಮುಗಿಸಿ ಕಾರ್ಡ್ ಪಡೆದಿರಬೇಕು. ಎಲ್ಕ್‌ನಂಥ ದೊಡ್ಡ ಪ್ರಾಣಿಯ ಬೇಟೆಗೆ ಮಕ್ಕಳಿಗೆ 12 ವರ್ಷ ಆಗಿರಬೇಕು. 16 ಆಗುವ ತನಕ ದೊಡ್ಡವರೊಬ್ಬರು ಜೊತೆಗಿರಲೇಬೇಕು. ಹೊರರಾಜ್ಯದ ದೊಡ್ಡವರಿಗೆ ಗಂಡು ಎಲ್ಕ್ ಲೈಸೆನ್ಸೇ 800 ಡಾಲರ್ ದಾಟುತ್ತದೆ. ಮಕ್ಕಳಿಗೆ ತುಂಬಾ ಕಡಿಮೆ. ಪೂರ್ತಿ ಗೈಡ್ ಇರುವ ಗಂಡು ಎಲ್ಕ್ ಬೇಟೆಗೆ ಸಾಮಾನ್ಯವಾಗಿ 5,000 ಡಾಲರ್ ಮೇಲೇ ಆಗುತ್ತದೆ, ಲೈಸೆನ್ಸ್ ಬೇರೆ, ಗೈಡ್‌ಗೆ ಕೊಡುವ ಟಿಪ್ಸ್ ಬೇರೆ.

ನಮ್ಮವರು ಗಮನಿಸಲೇಬೇಕಾದ ಒಂದು ವಿಷಯವಿದೆ. ಎಚ್‌-1ಬಿ, ವಿದ್ಯಾರ್ಥಿ ಅಥವಾ ಪ್ರವಾಸಿ ವೀಸಾದಲ್ಲಿ ಇರುವವರು ಕೋವಿ, ತೋಟಾ ಇಟ್ಟುಕೊಳ್ಳುವುದನ್ನು ಇಲ್ಲಿನ ಫೆಡರಲ್ ಕಾನೂನು ತಡೆಯುತ್ತದೆ. ಅಮೆರಿಕದ ಯಾವುದಾದರೂ ರಾಜ್ಯದ ಬೇಟೆ ಲೈಸೆನ್ಸ್ ಇದ್ದರೆ ವಿನಾಯಿತಿ ಉಂಟು. ಗ್ರೀನ್ ಕಾರ್ಡ್ ಇದ್ದವರಿಗೆ ಈ ತಡೆ ಇಲ್ಲ. ನಿಮ್ಮ ಕಾಗದಪತ್ರ ಯಾವ ಸ್ಥಿತಿಯಲ್ಲಿದೆ ಅಂತ ವಕೀಲರನ್ನು ಒಮ್ಮೆ ಕೇಳಿಕೊಳ್ಳಿ. ಅಪ್ಪನಿಗೆ ಲೈಸೆನ್ಸ್ ಮಾಡಿಸಿರಲಿಲ್ಲ. ಹಾಗಾಗಿ ಗೈಡ್ ಪ್ರೀತಿಯಿಂದ ಚಾಚಿದ ರೈಫಲ್ ಅನ್ನೂ ಮುಟ್ಟಬೇಡಿ ಅಂತ ಮೊದಲೇ ಹೇಳಿದ್ದೆ. ವರ್ಷವೂ ಕೊಡಗಿನ ಕೈಲ್‌ಪೊಳ್ದ್ ಹಬ್ಬಕ್ಕೆ ಕೋವಿಗೆ ಹೂವಿಟ್ಟು ಪೂಜೆ ಮಾಡುವ ಮನುಷ್ಯ. ದಾರಿಯುದ್ದಕ್ಕೂ ಮುಖ ಊದಿಸಿಕೊಂಡಿದ್ದರು.

ಇನ್ನು ಔಟ್‌ಫಿಟರ್, ಅಂದರೆ ಗೈಡ್ ಸಮೇತ ಬೇಟೆ ಏರ್ಪಡಿಸಿಕೊಡುವವರ ಆಯ್ಕೆ. ಇದಕ್ಕೆ ಸಮಯ ಕೊಡಿ. ಮೀಕರ್, ಕ್ರೇಗ್, ಗನ್ನಿಸನ್ ಊರುಗಳ ಸುತ್ತ ಬೇಕಾದಷ್ಟು ಮಂದಿ ಇದ್ದಾರೆ. ಈ ರಾಜ್ಯದಲ್ಲಿ ಔಟ್‌ಫಿಟರ್ ನೋಂದಣಿ ಕಡ್ಡಾಯ. ವಿಮೆ, ಬಾಂಡ್, ಲಿಖಿತ ಒಪ್ಪಂದ ಎಲ್ಲ ಇರಬೇಕು. ನೋಂದಣಿ ಸಂಖ್ಯೆ ಕೇಳಿ, ಸರ್ಕಾರದ ಜಾಲತಾಣದಲ್ಲಿ ನೀವೇ ಹುಡುಕಿ ನೋಡಿ. ಸರ್ಕಾರಿ ಕಾಡಿಗೆ ಕರೆದೊಯ್ಯುವುದಾದರೆ ಅರಣ್ಯ ಇಲಾಖೆಯ ಪರವಾನಗಿಯನ್ನೂ ಕೇಳಿ. ಆಮೇಲೆ ಫೋನಿನಲ್ಲಿ ಮಾತಾಡಿ. ಒಬ್ಬ ಗೈಡ್‌ಗೆ ಎಷ್ಟು ಬೇಟೆಗಾರರು? ಮಗು ಇದ್ದರೆ ಒಬ್ಬರಿಗೆ ಒಬ್ಬರು ಅಂತ ಹಟ ಹಿಡಿಯಿರಿ. ಸುಮ್ನೆ ನೋಡಲು ಬರುವವರಿಗೆ ದಿನಕ್ಕೆಷ್ಟು? ಮಾಂಸ ಹೊರುವವರು ಯಾರು? ಹೆಣ್ಣು ಎಲ್ಕ್ ಕೂಡ 225 ಕಿಲೋ ತೂಗುತ್ತದೆ, ಇದು ಸಣ್ಣ ಪ್ರಶ್ನೆಯಲ್ಲ. ಗುಂಡು ತಗುಲಿದ ಪ್ರಾಣಿ ತಪ್ಪಿಸಿಕೊಂಡರೆ ಏನು ನಿಯಮ? ಅನೇಕ ಕಡೆ ಅಲ್ಲಿಗೆ ನಿಮ್ಮ ಬೇಟೆ ಮುಗಿಯಿತು ಅಂತ ಲೆಕ್ಕ. ಅದು ಸರಿಯಾದ ನಿಯಮ ಅಂತಲೇ ನನ್ನ ಅಭಿಪ್ರಾಯ, ಮಗಳಿಗೂ ಮೊದಲೇ ತಿಳಿಸಿದ್ದೆ.

ಹಳೆಯ ಗಿರಾಕಿಗಳ ಫೋನ್ ನಂಬರ್ ಎಲ್ಲರೂ ಕೊಡುತ್ತಾರೆ. ನೀವು ಎಲ್ಕ್ ಸಿಗದೆ ವಾಪಸ್ ಹೋದವರ ನಂಬರ್ ಕೇಳಿ. ಸಿಕ್ಕವರು ಎಲ್ಲವನ್ನೂ ಹೊಗಳುತ್ತಾರೆ. ಸಿಗದವರು ಊಟ ಹೇಗಿತ್ತು, ನಾಲ್ಕನೇ ದಿನ ಗೈಡ್ ಎಷ್ಟು ಹೊತ್ತಿಗೆ ಎದ್ದ, ಎಲ್ಲ ಹೇಳುತ್ತಾರೆ. ಸಸ್ಯಾಹಾರದ ವಿಷಯವನ್ನೂ ಆಗಲೇ ಇತ್ಯರ್ಥ ಮಾಡಿ. ಒಬ್ಬ ಅಡುಗೆಯವರು ಬೇಕನ್ (ಹಂದಿಮಾಂಸದ ಚೂರು) ತೆಗೆದಿಟ್ಟ ಬೀನ್ಸ್ ಬಡಿಸಿ ಸಸ್ಯಾಹಾರ ಅಂದಿದ್ದರು. ಈಗ ನಾವು ಅವಲಕ್ಕಿ, ಚಟ್ನಿಪುಡಿ, ಎಲೆಕ್ಟ್ರಿಕ್ ಕುಕ್ಕರ್ ಒಯ್ಯುತ್ತೇವೆ. ಗೈಡ್‌ಗಳೇ ಚಟ್ನಿಪುಡಿ ಕೇಳಿ ಹಾಕಿಸಿಕೊಳ್ಳುತ್ತಾರೆ.

ಮಕ್ಕಳಿಗೆ ಒದೆತ ಕಡಿಮೆ ಇರುವ ರೈಫಲ್ ಕೊಡಿ. 6.5 ಕ್ರೀಡ್‌ಮೂರ್ ಅಥವಾ 7ಎಂಎಂ-08 ತೋಟಾ ಹಾಕುವ ರೈಫಲ್ ಸಾಕು. ಬೇಸಿಗೆಯಲ್ಲೇ ರೇಂಜ್‌ಗೆ ಕರೆದುಕೊಂಡು ಹೋಗಿ, ಮಲಗಿ ಅಲ್ಲ, ಕೂತು, ಕೋಲಿನ ಮೇಲಿಟ್ಟು ಹೊಡೆಯುವುದನ್ನು ಕಲಿಸಿ. ಮೂಸ್ (ಜಿಂಕೆ ಜಾತಿಯದೇ ಇನ್ನೊಂದು ದೊಡ್ಡ ಪ್ರಾಣಿ) ಯಾವುದು, ಎಲ್ಕ್ ಯಾವುದು ಅಂತ ಚಿತ್ರ ತೋರಿಸಿ ಅಭ್ಯಾಸ ಮಾಡಿಸಿ. ಗೊತ್ತಾಗದೆ ಮೂಸ್ ಹೊಡೆದು ದಂಡ ಕಟ್ಟುವವರು ಇಲ್ಲಿ ಇದ್ದಾರೆ. ರೈಫಲ್ ಸೀಸನ್‌ನಲ್ಲಿ ಬೇಟೆಗಾರರು ಕಣ್ಣಿಗೆ ಹೊಡೆಯುವ ಕಿತ್ತಳೆ ಅಥವಾ ಗುಲಾಬಿ ಬಣ್ಣವನ್ನು 500 ಚದರ ಇಂಚು ಧರಿಸಬೇಕು, ಟೋಪಿಯೂ ಅದೇ ಬಣ್ಣದ್ದಾಗಿರಬೇಕು. ನೋಡಲು ಬಂದವರಿಗೂ ನಾನು ಅದನ್ನೇ ತೊಡಿಸುತ್ತೇನೆ.

ಸಮುದ್ರಮಟ್ಟದಿಂದ ಬರುವವರು ಎರಡು ದಿನ ಮೊದಲೇ ಬಂದು 5,280 ಅಡಿ ಎತ್ತರದ ಡೆನ್ವರ್‌ನಲ್ಲಿ ಉಳಿಯಿರಿ. ನೀರು ಜಾಸ್ತಿ ಕುಡಿಯಿರಿ. ತಲೆನೋವು, ವಾಕರಿಕೆ ಬಿಡದಿದ್ದರೆ ಬೇಟೆ ಬಿಟ್ಟು ಕೆಳಗೆ ಇಳಿಯಿರಿ. ಬಿಪಿ, ಹೃದಯದ ಮಾತ್ರೆ ತೆಗೆದುಕೊಳ್ಳುವ ಹಿರಿಯರಿದ್ದರೆ ಹೊರಡುವ ಮೊದಲೇ ವೈದ್ಯರನ್ನು ಕಾಣಿ.

ಎಲ್ಕ್ ಬಿದ್ದರೆ ನಿಜವಾದ ಕೆಲಸ ಅಲ್ಲಿಂದ ಶುರು. ತಿನ್ನುವ ಮಾಂಸವನ್ನು ಕಾಡಿನಲ್ಲಿ ಬಿಟ್ಟು ಬರುವುದು ಅಪರಾಧ. ಬೇಗ ಚರ್ಮ ಬಿಡಿಸಿ ತಣ್ಣಗಾಗಿಸಬೇಕು. ಮಾಂಸ ಕತ್ತರಿಸಿ ಕೊಡುವ ಅಂಗಡಿಯಲ್ಲಿ ಸೀಸನ್‌ಗೆ ಮೊದಲೇ ಜಾಗ ಕೇಳಿಡಿ. ಜಿಂಕೆ ಜಾತಿಯ ಪ್ರಾಣಿಗಳಿಗೆ ಬರುವ ಸಿಡಬ್ಲ್ಯುಡಿ ಎಂಬ ಮೆದುಳಿನ ರೋಗ ಈ ರಾಜ್ಯದಲ್ಲಿದೆ. ಕಡ್ಡಾಯ ಇಲ್ಲದ ಕಡೆಯೂ ತಲೆಯನ್ನು ಪರೀಕ್ಷೆಗೆ ಕೊಡಿ, ಫಲಿತಾಂಶ ಬರುವ ತನಕ ಮಾಂಸ ಫ್ರೀಜರ್‌ನಲ್ಲೇ ಇರಲಿ. ರೋಗ ಇದೆ ಅಂತ ಬಂದರೆ ತಿನ್ನಬೇಡಿ. ಇಲ್ಲ ಅಂತ ಬಂದರೆ ನಮ್ಮ ಮನೆಯ ಕ್ರಮ ಇದು: ಪಂದಿ ಕರಿಯ (ಕೊಡಗಿನ ಹಂದಿಮಾಂಸದ ಸಾರು) ಮಸಾಲೆಯನ್ನೇ ಹುರಿದು ಹಾಕಿ, ಎಲ್ಕ್‌ನಲ್ಲಿ ಕೊಬ್ಬು ಕಡಿಮೆಯಾದ್ದರಿಂದ ಎಣ್ಣೆ ಸ್ವಲ್ಪ ಧಾರಾಳವಾಗಿ ಬಿಡಿ. ಕಾಚಂಪುಳಿ, ಅಂದರೆ ಕೊಡಗಿನ ಕಪ್ಪು ಹುಳಿ, ಕೊನೆಗೆ.