ಬ್ರೌಸರ್‌ನಲ್ಲಿ ಕೆಜಿಪಿ: ಒತ್ತಕ್ಷರ ಒಡೆಯದ ಹಾಗೆ ನಾನು ಮಾಡಿಕೊಂಡ ದಾರಿ

ಆನ್‌ಲೈನ್ ಅರ್ಜಿ ತುಂಬಿ ಹೊಟ್ಟೆ ಹೊರೆಯುವವರಿಗೆ ಈ ಗೋಳು ಹೊಸದಲ್ಲ. ನಾನು ಹೊಡೆಯುವುದು ಕೆಜಿಪಿ, ಅಂದರೆ ಕನ್ನಡ ಗಣಕ ಪರಿಷತ್ತಿನ ಕೀಬೋರ್ಡ್ ಲೇಔಟ್ (ಯಾವ ಕೀಗೆ ಯಾವ ಅಕ್ಷರ ಅನ್ನುವ ಜೋಡಣೆ). ನೋಟ್‌ಪ್ಯಾಡ್‌ನಲ್ಲಿ ಸರಿಯಾಗಿ ಬರುವ ಕನ್ನಡ ಬ್ರೌಸರ್‌ಗೆ ಬಂದ ಕೂಡಲೇ ಕೆಡುತ್ತದೆ. ಫೋನೆಟಿಕ್‌ನಲ್ಲಿ (ಇಂಗ್ಲಿಷ್ ಉಚ್ಚಾರದ ಲೆಕ್ಕದಲ್ಲಿ) 'ಹೆಗಡೆ' ಅಂತ ಹೊಡೆದರೆ 'ಹ್ಹೆಗ್ಗಡ್ಡೆ' ಬೀಳುತ್ತದೆ. ಇಲ್ಲವೇ ಅಕ್ಷರದ ಪಕ್ಕ ಚುಕ್ಕಿಚುಕ್ಕಿ ಸುತ್ತು ಬಂದು ಕೂರುತ್ತದೆ. ಶಿರಸಿಯ ನನ್ನ ಅಂಗಡಿಯಲ್ಲಿ ಎರಡು ಮಳೆಗಾಲ ಹೀಗೇ ಹೋಯಿತು. ಈಗ ಇಲ್ಲ. ಹಾಗಾಗಿ ಬರೆಯುತ್ತಿದ್ದೇನೆ.

ಮೊದಲು ದುಡ್ಡು ಎಲ್ಲೆಲ್ಲಿ ಹೋಯಿತು ಅಂತ ಹೇಳಿಬಿಡ್ತೇನೆ. ಕಂಪ್ಯೂಟರ್ ನಿಧಾನ ಅಂದರು, ರ‍್ಯಾಮ್ ಹಾಕಿಸಿದೆ, ಸುಮಾರು 1,800 ರೂಪಾಯಿ. ವೈರಸ್ ಅಂದರು, ಫಾರ್ಮ್ಯಾಟ್ ಮಾಡಿಸಿದೆ, ಸಲಕ್ಕೆ 500-600. ಕೀಬೋರ್ಡ್ ಅಂದರು, 450ರದ್ದು ತಂದೆ. ಅದೂ ಆಗಲಿಲ್ಲ ಅಂತ ಮೂರು ಸಾವಿರದ ಹತ್ತಿರ ಕೊಟ್ಟು ಮೆಕ್ಯಾನಿಕಲ್ ತಂದೆ. ಸದ್ದು ಚೆನ್ನಾಗಿತ್ತು, 'ಹ್ಹೆಗ್ಗಡ್ಡೆ' ಹಾಗೇ ಇತ್ತು. ಒಂದು ಅರ್ಜಿಗೆ ಸಿಗುವುದು 30-40 ರೂಪಾಯಿ. ಬೆಳೆ ವಿಮೆ ಕಂತಿನ ಕೊನೆ ದಿನ ಹತ್ತಿರ ಬಂದಾಗ ಒಂದೇ ಹೆಸರನ್ನು ಮೂರು ಸಲ ಹೊಡೆಯುತ್ತಾ ಕೂತರೆ ಅಂಗಡಿ ಬಾಡಿಗೆಯೂ ಹುಟ್ಟುವುದಿಲ್ಲ.

ಕಾರಣ ಸಿಕ್ಕಿದ್ದು ಒಂದೇ ಪದವನ್ನು ಬೇರೆ ಬೇರೆ ಕಡೆ ಹೊಡೆದು ನೋಡಿದಾಗ. ನೋಟ್‌ಪ್ಯಾಡ್‌ನಲ್ಲಿ ಸರಿ. ಇನ್‌ಕಾಗ್ನಿಟೋ ವಿಂಡೋದಲ್ಲಿ ಸ್ವಲ್ಪ ವಾಸಿ. ಅಲ್ಲಿ ಎಕ್ಸ್‌ಟೆನ್ಶನ್‌ಗಳು (ಬ್ರೌಸರ್‌ಗೆ ನಾವು ಸೇರಿಸಿಕೊಳ್ಳುವ ಚಿಕ್ಕ ಪ್ರೋಗ್ರಾಂಗಳು) ತಾವಾಗಿ ಓಡುವುದಿಲ್ಲ, ಅಂದರೆ ಅರ್ಧ ಕಾಟ ಅವುಗಳದ್ದೇ. ಇಂಗ್ಲಿಷ್ ಸ್ಪೆಲ್ಲಿಂಗ್ ತಿದ್ದುವ ಒಂದು ಎಕ್ಸ್‌ಟೆನ್ಶನ್ ಮತ್ತು ಕನ್ನಡ ಟೈಪಿಂಗಿನ ಇನ್ನೊಂದು, ಎರಡೂ ಅಕ್ಷರ ತುಂಬುವ ಒಂದೇ ಡಬ್ಬಿಯಲ್ಲಿ ಕೈ ಹಾಕುತ್ತಿದ್ದವು. ಎರಡನ್ನೂ ಕಿತ್ತೆ. ಉಳಿದ ಅರ್ಧ ನಾವು ಬಳಸುತ್ತಿದ್ದ ಟೈಪಿಂಗ್ ಸಾಫ್ಟ್‌ವೇರ್‌ನದು. ಅದು ಹಿನ್ನೆಲೆಯಲ್ಲಿ ಕೂತು ನಾವು ಒತ್ತಿದ ಕೀ ಹಿಡಿಯುತ್ತದೆ. ಫೋನೆಟಿಕ್‌ನಲ್ಲಾದರೆ ಮೊದಲು 'ಹ್' ಹಾಕುತ್ತದೆ. ಮುಂದಿನ ಕೀ ಒತ್ತಿದಾಗ ತಾನೇ ಒಂದು ಬ್ಯಾಕ್‌ಸ್ಪೇಸ್ ಹೊಡೆದು ಅದನ್ನು ಅಳಿಸಿ 'ಹೆ' ಹಾಕುತ್ತದೆ. ನೋಟ್‌ಪ್ಯಾಡ್‌ಗೆ ಇದು ಗೊತ್ತೇ ಆಗುವುದಿಲ್ಲ. ಆದರೆ ಒಂದೊಂದು ಕೀಗೂ ಏನಾದರೂ ಲೆಕ್ಕ ಹಾಕುವ ವೆಬ್ ಪುಟದಲ್ಲಿ ಆ ಬ್ಯಾಕ್‌ಸ್ಪೇಸ್ ತಪ್ಪಿಹೋಗುತ್ತದೆ. ಅಡ್ರೆಸ್ ಬಾರ್‌ನಲ್ಲಂತೂ ಬ್ರೌಸರ್ ತಾನೇ ತುಂಬಿಸಿದ ಸಲಹೆ ಅಳಿಯುತ್ತದೆ, ನಮ್ಮ ಅಕ್ಷರ ಅಲ್ಲೇ ಉಳಿಯುತ್ತದೆ. ಹಾಂ, ಬ್ರೌಸರನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದಿದ್ದರೆ ಇಂಥ ಸಾಫ್ಟ್‌ವೇರ್ ಒಳಗೆ ಅಕ್ಷರ ಹಾಕಲಿಕ್ಕೇ ಆಗುವುದಿಲ್ಲ. ಅದನ್ನೂ ಒಮ್ಮೆ ನೋಡಿಕೊಳ್ಳಿ.

ಅಂದಮೇಲೆ ಬ್ಯಾಕ್‌ಸ್ಪೇಸ್ ಹೊಡೆಯದ ಕೀಬೋರ್ಡ್ ಬೇಕು, ಅಲ್ವಾ? ವಿಂಡೋಸ್‌ನದೇ ಇನ್‌ಸ್ಕ್ರಿಪ್ಟ್ ಅನ್ನುವ ಬೇರೆ ಲೇಔಟ್ ಇದೆ, ಸರಿ. ಆದರೆ ಹದಿನೈದು ವರ್ಷ ಕೆಜಿಪಿ ಹೊಡೆದ ಬೆರಳು ಅದಕ್ಕೆ ಒಗ್ಗುವುದಿಲ್ಲ. ಕೆಜಿಪಿಯನ್ನೇ ವಿಂಡೋಸ್ ಲೇಔಟ್ ಮಾಡಿಕೊಳ್ಳುತ್ತೇನೆ ಅಂದಾಗ ಕುಮಟಾದ ಡಿಟಿಪಿ ಗೆಳೆಯ ನಕ್ಕುಬಿಟ್ಟ. "ಅದೆಲ್ಲ ಆಗೂದಲ್ಲ ಮಾರಾಯಾ" ಅಂದ. ಅವನು ಹೇಳಿದ್ದರಲ್ಲೂ ಅರ್ಥ ಇತ್ತು. ಕೆಜಿಪಿಯಲ್ಲಿ ಒಂದೇ ಕೀ ಪದದ ಶುರುವಿಗೆ 'ಆ' ಕೊಡುತ್ತದೆ, ವ್ಯಂಜನದ ಬೆನ್ನಿಗೆ ಬಂದರೆ ದೀರ್ಘ ಕೊಡುತ್ತದೆ. ವಿಂಡೋಸ್‌ನ ಸಾದಾ ಲೇಔಟ್‌ಗೆ ಹಿಂದೆ ಏನಿದೆ ಅಂತ ನೋಡುವ ಬುದ್ಧಿ ಇಲ್ಲ.

ಮೈಕ್ರೋಸಾಫ್ಟ್‌ನ ಕೀಬೋರ್ಡ್ ಲೇಔಟ್ ಕ್ರಿಯೇಟರ್ 1.4 ಇಳಿಸಿಕೊಂಡೆ. ಹಳೇದು, ಪುಕ್ಕಟೆ. ವ್ಯಂಜನ, ಕಾಗುಣಿತದ ಚಿಹ್ನೆಗಳನ್ನೆಲ್ಲ ಕೆಜಿಪಿ ಜಾಗದಲ್ಲೇ ಕೂರಿಸಿದೆ. ಎಫ್ ಕೀಗೆ ಒತ್ತಿನ ಹಲಂತ. ಬಿಡಿ ಸ್ವರಗಳನ್ನು ಬಲಗಡೆಯ ಆಲ್ಟ್ ಜೊತೆಗೆ ಇಟ್ಟೆ. ಪದದ ಮೊದಲಿಗೆ ಮಾತ್ರ ಆ ಕೀ ಹಿಡಿಯಬೇಕು, ಅಷ್ಟೇ ಹೊಸ ಅಭ್ಯಾಸ. ಒಂದು ಕೀಗೆ ನಾಲ್ಕರವರೆಗೆ ಅಕ್ಷರ ತುಂಬಬಹುದು. ಹಾಗಾಗಿ 'ರ‍್ಯಾಂಕ್', 'ರ‍್ಯಾಲಿ' ಬರೆಯಲು ಬೇಕಾದ 'ರ', ಕಣ್ಣಿಗೆ ಕಾಣದ ಜಾಯ್ನರ್ (ಅಕ್ಷರ ಹೇಗೆ ಕೂಡಬೇಕು ಅಂತ ಹೇಳುವ ಗುರುತು), ಹಲಂತ ಮೂರನ್ನೂ ಒಂದೇ ಕೀಗೆ ಕೊಟ್ಟೆ. ಯಾವ ಕೀ ಅಂತ ಮಾತ್ರ ಕೇಳಬೇಡಿ.

ಮೊದಲ ಕರಡು ಮೂಲೆ ಸೇರಿತು. ಬಲ ಆಲ್ಟ್ ಅಂದರೆ ವಿಂಡೋಸ್ ಲೆಕ್ಕದಲ್ಲಿ ಕಂಟ್ರೋಲ್ ಮತ್ತು ಆಲ್ಟ್ ಒಟ್ಟಿಗೆ. ಕೆಲವು ವೆಬ್ ಎಡಿಟರ್‌ಗಳು ಅದನ್ನು ತಮ್ಮ ಶಾರ್ಟ್‌ಕಟ್ ಅಂತ ತಿಳಿದು ಶೀರ್ಷಿಕೆ ದೊಡ್ಡದು ಮಾಡುವುದು, ಕಾಮೆಂಟ್ ತೆರೆಯುವುದು ಶುರು ಮಾಡಿದವು. ಎರಡು ಸ್ವರ ಬೇರೆ ಕಡೆ ಸರಿಸಿದೆ. ಲೇಔಟ್ ತಿದ್ದಿದ ಮೇಲೆ ಹಳೇದನ್ನು ತೆಗೆಯದೆ ಹೊಸದು ಕೂರುವುದಿಲ್ಲ, ಪ್ರತಿ ಸಲ ರೀಸ್ಟಾರ್ಟ್. ಘಟ್ಟದ ಮೇಲಿನ ಮಳೆಗೆ ಕರೆಂಟ್ ಹೋಗಿ ತಾನಾಗೇ ರೀಸ್ಟಾರ್ಟ್ ಆಗಿದ್ದೂ ಉಂಟು.

ಇನ್ನೊಂದು ತಾಪತ್ರಯ ಪಾಸ್‌ವರ್ಡ್‌ದು. ಲೇಔಟ್ ಕನ್ನಡದಲ್ಲೇ ಉಳಿದಿದ್ದರೆ ಪಾಸ್‌ವರ್ಡ್ ಡಬ್ಬಿಗೂ ಕನ್ನಡವೇ ಹೋಗುತ್ತದೆ. ಕಾಣುವುದು ಚುಕ್ಕಿ ಮಾತ್ರ. ನಾಲ್ಕೈದು ಸಲ ಹಾಗಾದರೆ ಲಾಗಿನ್ ಲಾಕ್. ವಿಂಡೋಸ್ ಸೆಟ್ಟಿಂಗ್‌ನಲ್ಲಿ ಒಂದೊಂದು ವಿಂಡೋಗೆ ಬೇರೆ ಬೇರೆ ಭಾಷೆ ಇಡುವ ಆಯ್ಕೆ ಇದೆ. ಅದನ್ನು ಆನ್ ಮಾಡಿ, ಲಾಗಿನ್‌ಗೆ ಒಂದು ವಿಂಡೋ, ಕನ್ನಡ ಫಾರಂಗೆ ಇನ್ನೊಂದು ಇಟ್ಟುಕೊಂಡೆವು.

ಅಕ್ಷರ ಸರಿಯಾದ ಮೇಲೆ ಪುಟಗಳ ಹುಳುಕು ಕಾಣಲು ಶುರುವಾಯಿತು. 'ಲಕ್ಷ್ಮೀನಾರಾಯಣ' ನಮ್ಮ ಕಣ್ಣಿಗೆ ಆರು ಅಕ್ಷರ, ಕಂಪ್ಯೂಟರ್ ಲೆಕ್ಕದಲ್ಲಿ 13. ಮೂವತ್ತು ಅಕ್ಷರದ ಡಬ್ಬಿಯಲ್ಲಿ ತಂದೆಯ ಹೆಸರು, ಅಡ್ಡಹೆಸರು ಸೇರಿಸಿದರೆ ಕೊನೆಗೆ 'ಭಟ್ಟ' ಬದಲು 'ಭಟ್' ಬಿದ್ದು ಟ ಒತ್ತು ಹೊರಗೆ. ಕೀಬೋರ್ಡ್ ಹಾಳಾಗಿದೆ ಅಂತ ಗಿರಾಕಿ ಅನ್ನುತ್ತಾರೆ. 'ರಾಜ್‌ಕುಮಾರ್' ಅಂತ ಬಿಡಿಸಿ ಹೊಡೆದರೆ 'ಕನ್ನಡ ಅಕ್ಷರ ಮಾತ್ರ ಬಳಸಿ' ಅನ್ನುವ ಪುಟವೂ ಇದೆ. ನಡುವೆ ಇರುವ ಕಾಣದ ನಾನ್-ಜಾಯ್ನರ್ (ಅಕ್ಷರ ಒತ್ತಾಗದಂತೆ ತಡೆಯುವ ಗುರುತು) ಯುನಿಕೋಡ್‌ನ ಕನ್ನಡ ಪಟ್ಟಿಯೊಳಗೆ ಬರುವುದಿಲ್ಲ, ಅದಕ್ಕೇ. ಅನುಸ್ವಾರದ ಜಾಗದಲ್ಲಿ ಕನ್ನಡ ಸೊನ್ನೆ ಹೊಡೆದ ಹಳೇ ದಾಖಲೆಗಳಂತೂ ಹುಡುಕಿದರೆ ಸಿಗುವುದೇ ಇಲ್ಲ. 'ಶಾಂತಾ', 'ಶಾ೦ತಾ' ಎರಡನ್ನೂ ಹೊಡೆದು ನೋಡಿ. ಪೇಸ್ಟ್ ಬೇಡ ಅನ್ನುವ ಪುಟಕ್ಕೂ ನನ್ನಲ್ಲಿ ಒಂದು ದಾರಿ ಇದೆ, ಅದು ಅಂಗಡಿ ಗುಟ್ಟು.

ಈ ಮಧ್ಯೆ ಕಾರವಾರದ ಪರಿಚಯದವರೊಬ್ಬರು ಲ್ಯಾಪ್‌ಟಾಪ್ ತಂದುಕೊಟ್ಟರು. ಕೀ ಒತ್ತಿ ಒಂದು ಗಳಿಗೆ ಹಿಡಿದರೆ ಮಾತ್ರ ಅಕ್ಷರ ಬರುತ್ತಿತ್ತು. ಸಮುದ್ರದ ಉಪ್ಪು ಗಾಳಿಗೆ ಕೀಬೋರ್ಡ್ ಹೋಗಿದೆ ಅಂತ ಅಲ್ಲಿ ಯಾರೋ 2,500ರ ಅಂದಾಜು ಕೊಟ್ಟಿದ್ದರಂತೆ. ಉಪ್ಪಿನ ಕಾಟ ಸುಳ್ಳಲ್ಲ, ನಾನೂ ಕೀ ಕಿತ್ತು ಸ್ಪಿರಿಟ್ ಹಾಕಿ ಒರೆಸಿ ನೋಡಿದೆ. ಏನೂ ಆಗಲಿಲ್ಲ. ನೋಡಿದರೆ ಫಿಲ್ಟರ್ ಕೀಸ್ (ಚಿಕ್ಕದಾಗಿ ಒತ್ತಿದ ಕೀ ಲೆಕ್ಕಕ್ಕೆ ತೆಗೆದುಕೊಳ್ಳದ ವಿಂಡೋಸ್ ಸೌಲಭ್ಯ) ಆನ್ ಆಗಿತ್ತು. ಬಲಗಡೆ ಶಿಫ್ಟ್ ಎಂಟು ಸೆಕೆಂಡ್ ಹಿಡಿದರೆ ವಿಂಡೋಸ್ ಅದನ್ನು ಕೇಳುತ್ತದೆ, ನೋಡದೆ ಎಂಟರ್ ಹೊಡೆದರೆ ಶುರುವಾಗುತ್ತದೆ. ಮಹಾಪ್ರಾಣಕ್ಕೆಲ್ಲ ಶಿಫ್ಟ್ ಬೇಕಾದ ನಮ್ಮಂಥವರಿಗೆ ಇದು ಜಾಸ್ತಿ. ಆಫ್ ಮಾಡಿ ಕೊಟ್ಟೆ, 100 ರೂಪಾಯಿ ಕೊಟ್ಟರು, ಜೊತೆಗೆ ಒಣಮೀನು. ನಮ್ಮನೆಯಲ್ಲಿ ಅದು ನಡೆಯುವುದಿಲ್ಲ, ಪಕ್ಕದ ಗ್ಯಾರೇಜಿನವರಿಗೆ ಹಬ್ಬ.

ಈಗ ಸೀಸನ್‌ನಲ್ಲಿ ದಿನಕ್ಕೆ ಅಂದಾಜು 60 ಅರ್ಜಿ ಆಗುತ್ತವೆ, ಮೊದಲು 35 ದಾಟಿದರೆ ಹೆಚ್ಚು. ಫೋನೆಟಿಕ್ ಬಿಡಲಾರೆ ಅಂದ ನಮ್ಮ ಅಂಗಡಿಯ ಹುಡುಗಿಗೆ ವಿಂಡೋಸ್‌ನದೇ ಕನ್ನಡ ಫೋನೆಟಿಕ್ ಹಾಕಿಕೊಟ್ಟೆ, ಅವಳ ಕೆಲಸವೂ ಸಲೀಸು. ನಕ್ಕ ಕುಮಟಾದವನು ಹೋದ ತಿಂಗಳು ಪೆನ್‌ಡ್ರೈವ್ ಹಿಡಿದು ಬಂದು ಲೇಔಟ್ ಒಯ್ದ. 'ರ‍್ಯ' ಕೀ ಎಲ್ಲಿದೆ ಅಂತ ಇನ್ನೂ ಫೋನ್ ಮಾಡುತ್ತಿದ್ದಾನೆ.