ಪ್ರತಿ ಡಿಸ್ಕ್‌ಗೂ ಒಂದು ಜೋಡಿ: ಮನೆ ಸರ್ವರ್‌ಗೆ ಮಿರರ್ ಹಾಕುವುದು ಹೇಗೆ?

ಮನೆಯಲ್ಲಿ ಸಣ್ಣ ಸರ್ವರ್ ಇಟ್ಟುಕೊಂಡವರಲ್ಲಿ ಬಹಳ ಜನ 4 ಟಿಬಿಯ ಎರಡು ಡಿಸ್ಕ್ ಹಾಕಿ, ಸ್ಟ್ರೈಪ್ ಮಾಡಿ, 8 ಟಿಬಿ ಸಿಕ್ಕಿತು ಅಂತ ಖುಷಿಪಡುತ್ತಾರೆ. ಡೇಟಾ ಎರಡೂ ಡಿಸ್ಕ್‌ಗಳಿಗೆ ಹಂಚಿಹೋಗಿರುತ್ತದೆ. ಒಂದು ಕೆಟ್ಟರೆ ಇಡೀ ಪೂಲ್ (ಡಿಸ್ಕ್‌ಗಳೆಲ್ಲ ಸೇರಿ ಆದ ಒಂದೇ ಸಂಗ್ರಹ) ಹೋದಂತೆಯೇ. ಮಕ್ಕಳ ಫೋಟೊ, ಮದುವೆ ವಿಡಿಯೊ ಎಲ್ಲಾ ಅದರೊಳಗೆ ಸೇರಿದ ಮೇಲೆ ಭಯ ಶುರುವಾಗುತ್ತದೆ. ಈ ಡಿಸ್ಕ್‌ಗಳಿಗೆ ಝಡ್‌ಎಫ್‌ಎಸ್ (ZFS) ಎಂಬ ಫೈಲ್ ಸಿಸ್ಟಮ್ ಬಳಸುತ್ತಿದ್ದರೆ, ಏನನ್ನೂ ಅಳಿಸದೆ, ಪೂಲ್ ನಿಲ್ಲಿಸದೆ, ಪ್ರತಿ ಡಿಸ್ಕ್‌ಗೂ ಅದರ ನಕಲನ್ನೇ ಇಟ್ಟುಕೊಳ್ಳುವ ಒಂದು ಜೋಡಿ, ಅಂದರೆ ಮಿರರ್, ಕೊಡಬಹುದು. (ಲಿನಕ್ಸ್‌ನ ಇನ್ನೊಂದು ಸಾಧನ ಎಂಡಿಎಡಿಎಂ, ಅಂದರೆ mdadm, ಬಳಸುವವರ ದಾರಿ ಬೇರೆ, ಇಲ್ಲಿ ಹೇಳಿದ್ದು ಅವರಿಗಲ್ಲ.) ಕೆಲಸ ಸುಲಭ. ಆದರೂ ಒಂದೇ ಜಾಗದಲ್ಲಿ ಜನ ಮತ್ತೆ ಮತ್ತೆ ಎಡವುವುದನ್ನು ನೋಡಿದ್ದೇನೆ.

1. ಡಿಸ್ಕ್ ಕೊಳ್ಳಿ. ಹಳೇ ಡಿಸ್ಕ್ ಎಷ್ಟಿವೆಯೋ ಅಷ್ಟೇ ಹೊಸದು ಬೇಕು. ಸೈಜ್ ಸಮ ಇರಲಿ, ಇಲ್ಲವೇ ಜಾಸ್ತಿ ಇರಲಿ. ಎಸ್‌ಎಂಆರ್ (SMR) ಡಿಸ್ಕ್ ಮಾತ್ರ ಮುಟ್ಟಬೇಡಿ. ಅದರಲ್ಲಿ ಟ್ರ್ಯಾಕ್‌ಗಳು ಮನೆ ಹೆಂಚಿನಂತೆ ಒಂದರ ಮೇಲೊಂದು ಕೂತಿರುತ್ತವೆ. ಒಂದನ್ನು ತಿದ್ದಲು ಪಕ್ಕದ್ದನ್ನೂ ಮತ್ತೆ ಬರೆಯಬೇಕು. ಮಿರರ್ ಕಟ್ಟುವಾಗ ತೆವಳುತ್ತದೆ. ವೆಸ್ಟರ್ನ್ ಡಿಜಿಟಲ್‌ನ ರೆಡ್ ಸರಣಿಯ 2ರಿಂದ 6 ಟಿಬಿವರೆಗಿನ ಕೆಲವು ಮಾದರಿಗಳು ಎಸ್‌ಎಂಆರ್ ಎಂದು 2020ರಲ್ಲಿ ಬಯಲಾದಾಗ ದೊಡ್ಡ ಗಲಾಟೆಯೇ ಆಯಿತು. ಡಬ್ಬದ ಮೇಲೆ 'ನ್ಯಾಸ್' (NAS, ಇಂಥ ಸರ್ವರ್‌ಗಳಿಗೆಂದೇ ಮಾಡಿದ್ದು) ಅಂತ ಇದ್ದರೆ ಸಾಲದು, ಮಾದರಿ ಸಂಖ್ಯೆ ಹುಡುಕಿ ಸಿಎಂಆರ್ (CMR, ಟ್ರ್ಯಾಕ್‌ಗಳು ಒಂದರ ಮೇಲೊಂದು ಕೂರದ ಬಗೆ) ಹೌದಾ ಅಂತ ನೋಡಿಯೇ ದುಡ್ಡು ಕೊಡಿ. ಸೆಕೆಂಡ್ ಹ್ಯಾಂಡ್ ಬೇಡವೇ ಬೇಡ.

2. ಮೊದಲು ಬ್ಯಾಕಪ್. ಮಿರರ್ ಕಟ್ಟುವಾಗ ಹಳೇ ಡಿಸ್ಕ್‌ನಲ್ಲಿರುವುದನ್ನೆಲ್ಲ ಓದಬೇಕಾಗುತ್ತದೆ. ಸುಸ್ತಾದ ಡಿಸ್ಕ್ ಕೈಕೊಟ್ಟರೆ ಆಗಲೇ ಕೊಡುವುದು. ಬ್ಯಾಕಪ್ ಆದ ಮೇಲೆ ಒಂದು ಸ್ಕ್ರಬ್ (ಪೂಲ್‌ನ ಡೇಟಾವನ್ನೆಲ್ಲ ಓದಿ ಸರಿಯಿದೆಯಾ ಅಂತ ನೋಡುವ ಕೆಲಸ) ಓಡಿಸಿ. ಈಗಾಗಲೇ ಕೆಟ್ಟಿರುವ ಫೈಲ್ ಮಿರರ್ ಹಾಕಿದ ಮಾತ್ರಕ್ಕೆ ರಿಪೇರಿ ಆಗುವುದಿಲ್ಲ. ಹೊಸ ಡಿಸ್ಕ್‌ಗೆ ಸ್ಮಾರ್ಟ್ ಲಾಂಗ್ ಟೆಸ್ಟ್ (ಡಿಸ್ಕ್ ತನ್ನನ್ನು ತಾನೇ ಪೂರ್ತಿ ಪರೀಕ್ಷಿಸಿಕೊಳ್ಳುವುದು) ಮಾಡಿಸಿ.

3. ಹೆಸರು ಬರೆದಿಟ್ಟುಕೊಳ್ಳಿ. ಲಿನಕ್ಸ್ ಡಿಸ್ಕ್‌ಗಳಿಗೆ ಕೊಡುವ ಎಸ್‌ಡಿಎ, ಎಸ್‌ಡಿಬಿ (sda, sdb) ಹೆಸರುಗಳನ್ನು ನಂಬಬೇಡಿ, ರೀಬೂಟ್ ಆದರೆ ಅದಲುಬದಲಾಗಬಹುದು. ಸೀರಿಯಲ್ ನಂಬರ್ ಸೇರಿರುವ 'ಬೈ-ಐಡಿ' (by-id) ಹೆಸರೇ ಬಳಸಿ.

4. ಈಗ ಅಸಲಿ ಕೆಲಸ. ಕಮಾಂಡ್‌ನ ಹೆಸರು 'ಝಡ್‌ಪೂಲ್ ಅಟ್ಯಾಚ್' (zpool attach). 'ಝಡ್‌ಪೂಲ್ ಆಡ್' (zpool add) ಅಲ್ಲ! ಆಡ್ ಅಂದರೆ ಹೊಸ ಡಿಸ್ಕ್ ಸ್ಟ್ರೈಪ್‌ಗೇ ಸೇರುತ್ತದೆ. ಎರಡರ ಜಾಗದಲ್ಲಿ ಮೂರು ಡಿಸ್ಕ್, ಯಾವುದು ಕೆಟ್ಟರೂ ಎಲ್ಲಾ ಹೋಯಿತು. ಸುರಕ್ಷತೆಗೆ ಅಂತ ಹೊರಟು ಅಪಾಯ ಹೆಚ್ಚಿಸಿಕೊಂಡಂತೆ, ಅಲ್ವಾ?

ಎರಡನ್ನೂ ಗುರುತಿಸುವುದು ಹೀಗೆ. ಅಟ್ಯಾಚ್‌ಗೆ ಪೂಲ್‌ನ ಹೆಸರು, ಆಮೇಲೆ ಹಳೇ ಡಿಸ್ಕ್, ಕೊನೆಗೆ ಹೊಸ ಡಿಸ್ಕ್, ಇದೇ ಕ್ರಮದಲ್ಲಿ ಕೊಡಬೇಕು. ಆಡ್ ಹಳೇ ಡಿಸ್ಕ್ ಯಾವುದೆಂದು ಕೇಳುವುದೇ ಇಲ್ಲ. ನೀವು ಟೈಪ್ ಮಾಡಿದ ಸಾಲಿನಲ್ಲಿ ಹಳೇ ಡಿಸ್ಕ್‌ನ ಹೆಸರು ಇಲ್ಲ ಅಂದರೆ ಎಂಟರ್ ಒತ್ತಬೇಡಿ.

ಎಡವಿ ಬೀಳುವ ಇನ್ನೊಂದು ಹಳ್ಳ ಇದೆ. 'ಹೊಸ ಎರಡನ್ನೂ ಮಿರರ್ ಮಾಡಿಯೇ ಆಡ್ ಮಾಡುತ್ತೇನೆ' ಅನ್ನುವ ಜಾಣರು. ಹಾಗೆ ಮಾಡಿದರೆ ಹಳೇ ಡಿಸ್ಕ್‌ಗಳು ಒಂಟಿಯಾಗಿಯೇ ಉಳಿಯುತ್ತವೆ. ಝಡ್‌ಎಫ್‌ಎಸ್ ಪಾಪ, ಇದು ಹೊಂದಾಣಿಕೆ ಆಗುತ್ತಿಲ್ಲ ಅಂತ ಎಚ್ಚರಿಸಿ ನಿಲ್ಲುತ್ತದೆ. ಬೇಕಿದ್ದರೆ ಎಚ್ಚರಿಕೆ ಮೀರಿ ನಡೆಸಲು 'ಮೈನಸ್ ಎಫ್' (-f) ಹಾಕಿ ಅಂತಲೂ ಹೇಳುತ್ತದೆ. ಜನ ಎರಡನೇ ಮಾತನ್ನಷ್ಟೇ ಓದುತ್ತಾರೆ. ಒಂಟಿ ಡಿಸ್ಕ್‌ನ ಆಡ್‌ಗೆ ಈ ಎಚ್ಚರಿಕೆಯೂ ಬರುವುದಿಲ್ಲ, ಸುಮ್ನೆ ಸೇರಿಕೊಂಡುಬಿಡುತ್ತದೆ.

ಆಗಲೇ ಆಡ್ ಒತ್ತಿಬಿಟ್ಟಿದ್ದರೆ? ಗಾಬರಿ ಬೇಡ. ಲಿನಕ್ಸ್‌ನ ಝಡ್‌ಎಫ್‌ಎಸ್‌ನಲ್ಲಿ, 2019ರಲ್ಲಿ ಬಂದ 0.8 ಆವೃತ್ತಿಯಿಂದ 'ಝಡ್‌ಪೂಲ್ ರಿಮೂವ್' ಬಳಸಿ ಅದನ್ನು ಹೊರತೆಗೆಯಬಹುದು. ಪೂಲ್‌ನಲ್ಲಿ ರೇಡ್-ಝಡ್ (RAID-Z, ಹಲವು ಡಿಸ್ಕ್‌ಗಳನ್ನು ಕೂಡಿಸುವ ಝಡ್‌ಎಫ್‌ಎಸ್‌ನ ಇನ್ನೊಂದು ಬಗೆ) ಇರಬಾರದು, ಡಿಸ್ಕ್‌ಗಳ ಸೆಕ್ಟರ್ ಸೈಜ್ (ಡಿಸ್ಕ್ ಒಮ್ಮೆಗೆ ಬರೆಯುವ ತುಣುಕಿನ ಅಳತೆ) ಒಂದೇ ಇರಬೇಕು. ತಡಮಾಡಬೇಡಿ, ಹೊಸ ಡೇಟಾ ಅದರ ಮೇಲೆ ಬೀಳುತ್ತಲೇ ಇರುತ್ತದೆ. ಹಾಗೇ, ಧೈರ್ಯಕ್ಕಿರಲಿ ಅಂತ ಪೂಲ್ ಚೆಕ್‌ಪಾಯಿಂಟ್ (ಇಡೀ ಪೂಲ್ ಅನ್ನು ಹಿಂದಿನ ಸ್ಥಿತಿಗೆ ತರಲು ಇಡುವ ಗುರುತು) ಇಟ್ಟು ಶುರು ಮಾಡಲು ಹೋಗಬೇಡಿ. ಚೆಕ್‌ಪಾಯಿಂಟ್ ಇರುವವರೆಗೆ ಅಟ್ಯಾಚ್ ಕೂಡ ನಡೆಯುವುದಿಲ್ಲ, ರಿಮೂವ್ ಕೂಡ ನಡೆಯುವುದಿಲ್ಲ.

ಝಡ್‌ಎಫ್‌ಎಸ್ ಬಳಸುವ ಸರ್ವರ್ ವ್ಯವಸ್ಥೆ ಟ್ರೂನ್ಯಾಸ್‌ನಲ್ಲಿ (TrueNAS) ಮೌಸ್‌ನಿಂದಲೇ ಮಾಡುವವರು ಹಳೇ ಡಿಸ್ಕ್ ಆರಿಸಿಕೊಂಡು 'ಎಕ್ಸ್‌ಟೆಂಡ್' ಒತ್ತಬೇಕು. 'ಆಡ್ ವಿಡೆವ್' (Add VDEV) ಕಡೆ ಕೈ ಹೋಗದಿರಲಿ, ಅದೂ ಆಡ್ ಕಮಾಂಡ್‌ನಂತೆಯೇ.

5. ಕಾಯಿರಿ. ಈಗ ನಡೆಯುವ ಕೆಲಸಕ್ಕೆ ರಿಸಿಲ್ವರ್ ಎನ್ನುತ್ತಾರೆ. ತುಂಬಿರುವ ಜಾಗ ಮಾತ್ರ ನಕಲಾಗುತ್ತದೆ, ಖಾಲಿ ಜಾಗ ಅಲ್ಲ. ಮಧ್ಯೆ ಕರೆಂಟ್ ಹೋದರೆ ಮತ್ತೆ ಆನ್ ಆದಾಗ ಮುಂದುವರಿಯುತ್ತದೆ, ಆದರೂ ಯುಪಿಎಸ್ ಇರಲಿ.

6. 'ಝಡ್‌ಪೂಲ್ ಸ್ಟೇಟಸ್' ನೋಡಿ. ಮೊದಲು ಹಳೇ ಡಿಸ್ಕ್‌ನ ಹೆಸರು ನೇರವಾಗಿ ಪೂಲ್‌ನ ಕೆಳಗಿತ್ತು. ಈಗ 'ಮಿರರ್-0' ಎಂಬ ಸಾಲು ಬಂದು, ಅದರ ಕೆಳಗೆ ಇನ್ನಷ್ಟು ಒಳಸರಿದು ಎರಡು ಹೆಸರು ಇರಬೇಕು. ಒಂದು ಮುಗಿದ ಮೇಲೆಯೇ ಎರಡನೇ ಜೋಡಿಗೆ ಕೈಹಾಕಿ. ಎಲ್ಲಾ ಆದ ಮೇಲೂ ಜಾಗ 8 ಟಿಬಿಯೇ. 'ನಾಲ್ಕು ಡಿಸ್ಕ್ ಹಾಕಿದೆ, ಜಾಗ ಜಾಸ್ತಿ ಆಗಲಿಲ್ಲ' ಅಂತ ಬೇಜಾರಾಗಬೇಡಿ. ಡಿಸ್ಕ್‌ಗಳು ಸಮ ಇದ್ದೂ ಜಾಗ ಜಾಸ್ತಿ ಆಗಿದ್ದರೆ ನಾಲ್ಕನೇ ಹಂತಕ್ಕೆ ವಾಪಸ್ ಹೋಗಿ.

7. ಒಂದು ಸ್ಕ್ರಬ್ ಓಡಿಸಿ, ತಿಂಗಳಿಗೊಮ್ಮೆ ತಾನೇ ಓಡುವಂತೆ ಇಡಿ. ಪ್ರತಿ ಜೋಡಿಯಲ್ಲಿ ಒಂದೊಂದು ಡಿಸ್ಕ್ ಕೆಟ್ಟರೂ ಪರವಾಗಿಲ್ಲ, ಒಂದೇ ಜೋಡಿಯ ಎರಡೂ ಕೆಟ್ಟರೆ ಪೂಲ್ ಹೋಗುತ್ತದೆ. ಹಾಗಾಗಿ ಡಿಸ್ಕ್ ಕೆಟ್ಟ ದಿನವೇ ಇಮೇಲ್ ಬರುವ ವ್ಯವಸ್ಥೆ ಮಾಡಿಕೊಳ್ಳಿ. ಡಿಸ್ಕ್ ಟ್ರೇ ಮೇಲೆ ಸೀರಿಯಲ್ ನಂಬರ್‌ನ ಕೊನೆಯ ನಾಲ್ಕು ಅಕ್ಷರ ಬರೆದು ಅಂಟಿಸಿ. ಕೆಟ್ಟದ್ದನ್ನು ಬಿಟ್ಟು ಚೆನ್ನಾಗಿರುವುದನ್ನೇ ಕಿತ್ತವರೂ ಇದ್ದಾರೆ.